ಕುಬ್ಜ ಗೆಲಾಕ್ಸಿ ನಿಜಕ್ಕೂ ಚೂರಾಯಿತೋ, ಕಂಪ್ಯೂಟರಿನಲ್ಲಿ ಮಾತ್ರವೋ?

ಪ್ರಶ್ನೆ: ನಾನು ಎಂ.ಎಸ್ಸಿ. ಭೌತಶಾಸ್ತ್ರದ ಕೊನೆಯ ಸೆಮಿಸ್ಟರ್ ವಿದ್ಯಾರ್ಥಿನಿ. ಪ್ರಾಜೆಕ್ಟಿಗೆಂದು ಕಂಪ್ಯೂಟರ್ ಸಿಮ್ಯುಲೇಶನ್‌ನಲ್ಲಿ ಒಂದು ಕುಬ್ಜ (ಪುಟ್ಟ) ಗೆಲಾಕ್ಸಿಯನ್ನು ನಮ್ಮ ಗೆಲಾಕ್ಸಿಯಾದ ಕ್ಷೀರಪಥದ ಸುತ್ತ 1000 ಕೋಟಿ ವರ್ಷ ಸುತ್ತಿಸಿ ನೋಡುತ್ತಿದ್ದೇನೆ. ಅದರ ದ್ರವ್ಯರಾಶಿ 100 ಕೋಟಿ ಸೂರ್ಯರಷ್ಟು. ಎಲ್ಲವೂ ಕಪ್ಪು ದ್ರವ್ಯ, ಅಂದರೆ ಬೆಳಕು ಸೂಸದ, ಗುರುತ್ವದಿಂದ ಮಾತ್ರ ತಿಳಿಯುವ ದ್ರವ್ಯ. ಎನ್‌ಎಫ್‌ಡಬ್ಲ್ಯೂ ಹೇಲೋ (ಕೇಂದ್ರದ ಕಡೆಗೆ ಸಾಂದ್ರತೆ ಏರುತ್ತಲೇ ಹೋಗುವ ಕಪ್ಪು ದ್ರವ್ಯದ ಗೋಳ), ಸ್ಕೇಲ್ ತ್ರಿಜ್ಯ (ಸಾಂದ್ರತೆ ಇಳಿಯುವ ರೀತಿ ಬದಲಾಗುವ ದೂರ) 1.4 ಕಿಲೋಪಾರ್ಸೆಕ್; ಒಂದು ಕಿಲೋಪಾರ್ಸೆಕ್ ಅಂದರೆ ಸುಮಾರು 3,260 ಜ್ಯೋತಿರ್ವರ್ಷ. ಕಕ್ಷೆಯ ಅತಿ ಹತ್ತಿರದ ಬಿಂದು 20, ಅತಿ ದೂರದ್ದು 100 ಕಿಲೋಪಾರ್ಸೆಕ್. ಕ್ಷೀರಪಥಕ್ಕೆ ಕಣಗಳಿಲ್ಲ, ಬದಲಾಗದ ಪೊಟೆನ್ಶಿಯಲ್ (ಅದರ ಗುರುತ್ವದ ಸೂತ್ರ) ಮಾತ್ರ. 10 ಸಾವಿರ ಕಣ ಹಾಕಿದಾಗ ನಾಲ್ಕನೇ ಸುತ್ತಿಗೇ ಗೆಲಾಕ್ಸಿ ಪೂರ್ತಿ ಚೂರಾಯಿತು. 1 ಲಕ್ಷ ಕಣ ಹಾಕಿದಾಗ ಕೊನೆಯವರೆಗೂ ಶೇ 2ರಷ್ಟು ಉಳಿಯಿತು. ಎರಡಕ್ಕೂ ಸಾಫ್ಟನಿಂಗ್ (ಕಣಗಳ ನಡುವಿನ ಗುರುತ್ವವನ್ನು ಮೆತ್ತಗೆ ಮಾಡುವ ದೂರ) 0.5 ಕಿಲೋಪಾರ್ಸೆಕ್. ಕಣಗಳ ವೇಗದ ಹರವನ್ನು ಜೀನ್ಸ್ ಸಮೀಕರಣದಿಂದ (ಗುರುತ್ವಕ್ಕೂ ವೇಗದ ಹರವಿಗೂ ಇರುವ ಸಮತೋಲದ ಸಮೀಕರಣ) ಲೆಕ್ಕ ಹಾಕಿ, ವೇಗಗಳನ್ನು ಗಾಸಿಯನ್ (ಗಂಟೆಯಾಕಾರದ) ಹಂಚಿಕೆಯಿಂದ ಆರಿಸಿದ್ದೇನೆ. "ಟೈಡಲ್ ತ್ರಿಜ್ಯ (ಇದರಾಚೆ ಗೆಲಾಕ್ಸಿಯ ಹಿಡಿತಕ್ಕಿಂತ ಕ್ಷೀರಪಥದ ಎಳೆತ ಜಾಸ್ತಿ) ಸ್ಕೇಲ್ ತ್ರಿಜ್ಯಕ್ಕಿಂತ ಒಳಗೆ ಬಂದರೆ ಗೆಲಾಕ್ಸಿ ಉಳಿಯುವುದಿಲ್ಲ, ಮೊದಲ ಫಲಿತಾಂಶವೇ ಸರಿ" ಎನ್ನುತ್ತಾರೆ ನಮ್ಮ ಗೈಡ್. "ಸುಮ್ನೆ ಕಣ ಜಾಸ್ತಿ ಮಾಡ್ತಾ ಹೋಗು, ಸರಿ ಹೋಗತ್ತೆ" ಅನ್ನುತ್ತಾರೆ ಒಬ್ಬ ಸೀನಿಯರ್. ಯಾರ ಮಾತು ನಂಬಲಿ? ವರದಿ ಕೊಡಲು ಒಂದು ತಿಂಗಳಿದೆ. ಜಿಪಿಯು ಇರುವ ಒಂದು ಕಂಪ್ಯೂಟರ್ ಇದೆ.

ಉತ್ತರ: ಬೇಕಾದ ಅಂಕಿಗಳನ್ನೆಲ್ಲ ಕೊಟ್ಟಿದ್ದೀರಿ, ಅದಕ್ಕೆ ಥ್ಯಾಂಕ್ಸ್. ಅವಿಲ್ಲದಿದ್ದರೆ ಈ ಪ್ರಶ್ನೆಗೆ ಉತ್ತರ ಹೇಳುವುದೇ ಕಷ್ಟವಿತ್ತು. ನಿಮ್ಮ ಚಿಂತೆ ನನಗೆ ಅರ್ಥವಾದದ್ದು ಹೀಗೆ: ಗೆಲಾಕ್ಸಿ ಅದೇ, ಕಕ್ಷೆ ಅದೇ, ಬದಲಾದದ್ದು ಕಣಗಳ ಸಂಖ್ಯೆ ಮಾತ್ರ. ಆದರೂ ಒಂದರಲ್ಲಿ ಅದು ಸತ್ತಿದೆ, ಇನ್ನೊಂದರಲ್ಲಿ ಬದುಕಿದೆ. ನಾವು ಎಷ್ಟು ಕಣ ಹಾಕಿದೆವು ಅನ್ನುವುದರ ಮೇಲೆ ಒಂದು ಗೆಲಾಕ್ಸಿಯ ಅಳಿವು ಉಳಿವು ನಿಲ್ಲಬಾರದು, ಅಲ್ವಾ? ಎರಡರಲ್ಲಿ ಒಂದಾದರೂ ತಪ್ಪಿರಲೇಬೇಕು.

ಮೊದಲೇ ಹೇಳಿಬಿಡುತ್ತೇನೆ. 10 ಸಾವಿರ ಕಣಗಳ ಓಟದಲ್ಲಿ ಗೆಲಾಕ್ಸಿ ಕಾಣೆಯಾದದ್ದು ಬಹುಮಟ್ಟಿಗೆ ಲೆಕ್ಕದ ದೋಷ. 1 ಲಕ್ಷದ ಓಟ ನಿಜಕ್ಕೆ ಹತ್ತಿರ. ಆದರೆ ಅದರ ಶೇ 2 ಅನ್ನುವ ಅಂಕಿಯನ್ನೂ ನಾನು ಈಗಲೇ ಒಪ್ಪುವುದಿಲ್ಲ. ನಿಮ್ಮ ಸಾಫ್ಟನಿಂಗ್ ದೊಡ್ಡದಾಯಿತು, ವೇಗ ಹಂಚಿದ ರೀತಿಯೂ ಸರಿಯಿಲ್ಲ. ಈ ಎರಡು ದೋಷ ಕಣ ಎಷ್ಟು ಹೆಚ್ಚಿಸಿದರೂ ಹೋಗುವುದಿಲ್ಲ. ಹಾಗಾಗಿ ನಿಮ್ಮ ಸೀನಿಯರ್ ಮಾತು ಅರ್ಧ ಸರಿ. ಗೈಡ್ ಮಾತಿಗೂ ಒಂದು ಇತಿಹಾಸವಿದೆ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ನಿಮ್ಮ ಗೆಲಾಕ್ಸಿಗೆ ಏನಾಗುತ್ತಿದೆ ಅಂತ ಹತ್ತಿರದಿಂದ ನೋಡೋಣ. ನೀವು ಕೊಟ್ಟ ಅಂಕಿಗಳಿಂದಲೇ ಲೆಕ್ಕ ಹಾಕುತ್ತೇನೆ. ಕ್ಷೀರಪಥದ ವೃತ್ತೀಯ ವೇಗ (ಅದರ ಸುತ್ತ ವೃತ್ತದಲ್ಲಿ ಸುತ್ತಲು ಬೇಕಾದ ವೇಗ) ಸೆಕೆಂಡಿಗೆ 220 ಕಿಲೋಮೀಟರ್ ಅಂತ ಹಿಡಿಯೋಣ. 20 ಕಿಲೋಪಾರ್ಸೆಕ್ ಹತ್ತಿರ ಬಂದಾಗ ನಿಮ್ಮ ಕುಬ್ಜ ಗೆಲಾಕ್ಸಿಯ ವೇಗ ಸೆಕೆಂಡಿಗೆ ಸುಮಾರು 400 ಕಿಲೋಮೀಟರ್. ಆ ಅಪಾಯದ ಜಾಗ ದಾಟಲು ಅದಕ್ಕೆ ಹಿಡಿಯುವುದು 10 ಕೋಟಿ ವರ್ಷದಷ್ಟು. ಒಂದು ಪೂರ್ತಿ ಸುತ್ತಿಗೆ 120ರಿಂದ 150 ಕೋಟಿ ವರ್ಷ. ಅಂದರೆ ಹೆಚ್ಚಿನ ಕಾಲ ಅದು ದೂರದಲ್ಲಿ ನಿಧಾನವಾಗಿ ತೇಲುತ್ತಿರುತ್ತದೆ. ಪೆಟ್ಟು ಬೀಳುವುದೆಲ್ಲ ಹತ್ತಿರ ಬರುವ ಆ ಚಿಕ್ಕ ಅವಧಿಯಲ್ಲಿ.

ಈಗ ಗೆಲಾಕ್ಸಿಯ ಒಳಗೆ ಬನ್ನಿ. ಅದರ ಕೇಂದ್ರದಿಂದ 5 ಕಿಲೋಪಾರ್ಸೆಕ್ ದೂರದ ಒಂದು ಕಣ ಒಂದು ಸುತ್ತು ಮುಗಿಸಲು ಸುಮಾರು 165 ಕೋಟಿ ವರ್ಷ ಬೇಕು. 1.4 ಕಿಲೋಪಾರ್ಸೆಕ್‌ನಲ್ಲಿರುವ ಕಣಕ್ಕೆ 48 ಕೋಟಿ. ಕೇಂದ್ರದಿಂದ ಬರೀ 50 ಪಾರ್ಸೆಕ್ ದೂರದ ಕಣಕ್ಕೆ 6 ಕೋಟಿ ವರ್ಷ ಸಾಕು. ಈ ಮೂರು ಅಂಕಿಗಳಲ್ಲಿ ಇಡೀ ಕಥೆ ಇದೆ. ಹೊರಗಿನ ಕಣಕ್ಕೆ 10 ಕೋಟಿ ವರ್ಷದ ಎಳೆತ ಒಂದು ದಿಢೀರ್ ಹೊಡೆತ. ಅದು ಅಲುಗಾಡುವಷ್ಟರಲ್ಲಿ ಕ್ಷೀರಪಥ ಅದನ್ನು ಕಿತ್ತುಕೊಂಡು ಆಗಿರುತ್ತದೆ. ಒಳಗಿನ ಕಣಕ್ಕೆ ಅದೇ ಎಳೆತ ನಿಧಾನವಾಗಿ ಏರಿ ನಿಧಾನವಾಗಿ ಇಳಿಯುವ ಬಲ. ಆ ಹೊತ್ತಿನಲ್ಲಿ ಅದು ಒಂದೂವರೆ ಸುತ್ತು ಹಾಕಿರುತ್ತದೆ. ಒಂದು ಕಡೆ ಪಡೆದ ಶಕ್ತಿ ಇನ್ನೊಂದು ಕಡೆ ಹೋಗಿ, ಕೊನೆಗೆ ಉಳಿಯುವ ಲಾಭ ತೀರಾ ಕಡಿಮೆ.

ಹೀಗಾಗಿ ಟೈಡಲ್ ಬಲ (ಕ್ಷೀರಪಥ ಹತ್ತಿರದ ಬದಿಯನ್ನು ಜಾಸ್ತಿ, ದೂರದ ಬದಿಯನ್ನು ಕಡಿಮೆ ಎಳೆಯುವುದರಿಂದ ಹುಟ್ಟುವ ಬಲ) ಹೊರಗಿನಿಂದ ಒಳಕ್ಕೆ ಕೀಳುತ್ತಾ ಬರುತ್ತದೆ. ಕಿತ್ತು ಬಂದ ಕಣಗಳು ಎರಡು ಬಾಲಗಳಾಗಿ ಹರಿಯುತ್ತವೆ. ಕ್ಷೀರಪಥದ ಕೇಂದ್ರದ ಕಡೆಯಿಂದ ಹೊರಬಿದ್ದವು ಮುಂದೆ ಓಡುತ್ತವೆ, ಆಚೆ ಕಡೆಯಿಂದ ಹೊರಬಿದ್ದವು ಹಿಂದೆ ಬೀಳುತ್ತವೆ. ಆಕಾಶದಲ್ಲಿ ಇದರ ದೊಡ್ಡ ಉದಾಹರಣೆ ಧನು ರಾಶಿಯ ಕುಬ್ಜ ಗೆಲಾಕ್ಸಿ. ಅದನ್ನು ಇಬಾಟಾ, ಗಿಲ್ಮೋರ್ ಮತ್ತು ಇರ್ವಿನ್ 1994ರಲ್ಲಿ ಗುರುತಿಸಿದರು. ನಮ್ಮಿಂದ ಸುಮಾರು 26 ಕಿಲೋಪಾರ್ಸೆಕ್ ದೂರ, ಅಂದರೆ ಹತ್ತಿರ ಹತ್ತಿರ 85 ಸಾವಿರ ಜ್ಯೋತಿರ್ವರ್ಷ. ಅದರ ಬಾಲಗಳು ಇಡೀ ಆಕಾಶವನ್ನು ಸುತ್ತುವರಿದಿರುವುದನ್ನು 2003ರಲ್ಲಿ ಮಜೆವ್‌ಸ್ಕಿ ತಂಡ ಟೂಮಾಸ್ ಎಂಬ ಅವಕೆಂಪು ಆಕಾಶ ಸಮೀಕ್ಷೆಯ ಕೆಂಪು ದೈತ್ಯ ನಕ್ಷತ್ರಗಳಲ್ಲಿ ತೋರಿಸಿತು. ಇಷ್ಟೆಲ್ಲ ಹರಿದು ಹೋದ ಮೇಲೂ ಅದರ ನಡುಭಾಗ ಇನ್ನೂ ಉಳಿದಿದೆ.

ಈಗ ನಿಮ್ಮ ಗೈಡ್ ಮಾತು. ಅದು ಗಾಳಿಮಾತಲ್ಲ. 2003ರಲ್ಲಿ ಎರಿಕ್ ಹಯಾಶಿ ಮತ್ತು ಸಂಗಡಿಗರು ಒಂದು ಸರಳ ಲೆಕ್ಕ ಮುಂದಿಟ್ಟರು. ಎನ್‌ಎಫ್‌ಡಬ್ಲ್ಯೂ ಹೇಲೋ ಒಂದನ್ನು ಸ್ಕೇಲ್ ತ್ರಿಜ್ಯದ 0.77 ಪಾಲಿಗಿಂತ ಒಳಗೆ ಒಮ್ಮೆಲೇ ಕತ್ತರಿಸಿದರೆ, ಉಳಿದ ತುಂಡಿನ ಒಟ್ಟು ಶಕ್ತಿ ಧನಾತ್ಮಕವಾಗುತ್ತದೆ. ಒಟ್ಟು ಶಕ್ತಿ ಧನಾತ್ಮಕ ಎಂದರೆ ಅದು ಒಟ್ಟಿಗೆ ನಿಲ್ಲಲಾರದು, ಚೆದುರಿ ಹೋಗುತ್ತದೆ ಅನ್ನುವುದು ತರ್ಕ. ನಿಮ್ಮ ಗೆಲಾಕ್ಸಿಗೆ ಅತಿ ಹತ್ತಿರದ ಬಿಂದುವಿನಲ್ಲಿ ಟೈಡಲ್ ತ್ರಿಜ್ಯ ನನ್ನ ಒರಟು ಲೆಕ್ಕದಲ್ಲಿ 1.2 ಕಿಲೋಪಾರ್ಸೆಕ್ ಆಸುಪಾಸು ಬರುತ್ತದೆ. ಅದು ಸ್ಕೇಲ್ ತ್ರಿಜ್ಯದ ಸುಮಾರು 0.85 ಪಾಲು. ಎರಡನೇ ಸುತ್ತಿಗೆ ಇನ್ನೂ ಒಳಗೆ ಬರುತ್ತದೆ, ಮುಂದೆ 0.77ರ ಮಿತಿಯನ್ನೂ ದಾಟುತ್ತದೆ. ಆ ನಿಯಮದ ಪ್ರಕಾರ ನಿಮ್ಮ ಗೆಲಾಕ್ಸಿ ಉಳಿಯಬಾರದು. ಗೈಡ್ ಹೇಳಿದ್ದು ಇದನ್ನೇ. ಎಷ್ಟೋ ವರ್ಷ ಬಹಳ ಜನ ಇದನ್ನೇ ಬಳಸಿದರು ಕೂಡ.

ತೊಂದರೆ ಇರುವುದು "ಒಟ್ಟು" ಅನ್ನುವ ಪದದಲ್ಲಿ. ಒಟ್ಟು ಶಕ್ತಿ ಧನಾತ್ಮಕವಾದರೂ ಕಣಗಳೆಲ್ಲ ಅದನ್ನು ಸಮನಾಗಿ ಹಂಚಿಕೊಂಡಿರುವುದಿಲ್ಲ. ಕೆಲವು ಹೊರಗಿನ ಕಣಗಳ ಬಳಿ ಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿ ಶಕ್ತಿ ಇರುತ್ತದೆ. ಅವು ಅದನ್ನೆಲ್ಲ ಹೊತ್ತುಕೊಂಡು ಹೊರಟು ಹೋಗುತ್ತವೆ. ಆಳದಲ್ಲಿ ಕುಳಿತ ಕಣಗಳು ಇದ್ದಲ್ಲೇ ಇರುತ್ತವೆ. ಸ್ವಲ್ಪ ಉಬ್ಬಿ, ಮತ್ತೆ ಸಮತೋಲಕ್ಕೆ ಬಂದು, ಚಿಕ್ಕ ಗೆಲಾಕ್ಸಿಯಾಗಿ ಮುಂದುವರಿಯುತ್ತವೆ. ಟೈಡಲ್ ಹೊಡೆತದ ಒಟ್ಟು ಶಕ್ತಿ ಗೆಲಾಕ್ಸಿಯ ಬಂಧಕ ಶಕ್ತಿಗಿಂತ ಹಲವು ಪಟ್ಟು ಇದ್ದಾಗಲೂ ಒಳಗಿನ ತಿರುಳು ಉಳಿಯಬಲ್ಲದು. ಫ್ರಾಂಕ್ ವಾನ್ ಡೆನ್ ಬಾಷ್ ಮತ್ತು ಸಂಗಡಿಗರು 2018ರಲ್ಲಿ ಇದನ್ನು ಬಿಡಿಸಿ ತೋರಿಸಿದರು. ಅದೇ ವರ್ಷ ಅವರೂ ಗೋ ಒಗಿಯಾ ಅವರೂ ಸೇರಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ದೊಡ್ಡ ಸಿಮ್ಯುಲೇಶನ್‌ಗಳಲ್ಲಿ ಉಪಹೇಲೋಗಳು (ದೊಡ್ಡ ಹೇಲೋದೊಳಗೆ ಸುತ್ತುವ ಚಿಕ್ಕ ಹೇಲೋಗಳು) ಪೂರ್ತಿ ಚೂರಾಗುವುದರಲ್ಲಿ ಬಹುಪಾಲು ಭೌತಿಕವಲ್ಲ, ಲೆಕ್ಕದ ಮಿತಿಯಿಂದ ಆಗುವಂಥದ್ದು ಎಂದರು.

2020ರಲ್ಲಿ ರಫಾಯೆಲ್ ಎರಾನಿ ಮತ್ತು ಹೋರ್ಹೆ ಪೆನ್ಯಾರೂಬಿಯಾ ಇನ್ನೂ ಗಟ್ಟಿಯಾಗಿ ಹೇಳಿದರು: ಎನ್‌ಎಫ್‌ಡಬ್ಲ್ಯೂ ತರಹ ಕೇಂದ್ರದ ಕಡೆಗೆ ಸಾಂದ್ರತೆ ಏರುತ್ತಲೇ ಹೋಗುವ ಹೇಲೋವನ್ನು ನಯವಾದ ಟೈಡಲ್ ಬಲ ಪೂರ್ತಿ ಅಳಿಸಲಾರದು. ಒಳಗೆ ಹೋದಷ್ಟೂ ಸುತ್ತುವ ಅವಧಿ ಕಡಿಮೆಯಾಗುತ್ತಲೇ ಹೋಗುತ್ತದೆ. ಎಲ್ಲೋ ಒಂದು ಕಡೆ ಅದು ಟೈಡಲ್ ಬಲಕ್ಕಿಂತ ಚುರುಕಾಗುತ್ತದೆ, ಅಲ್ಲಿಗೆ ಕೀಳುವ ಕೆಲಸ ನಿಲ್ಲುತ್ತದೆ. ಎಲ್ಲಿ ನಿಲ್ಲುತ್ತದೆ ಅನ್ನುವುದಕ್ಕೆ ಎರಾನಿ ಮತ್ತು ಹೂಲಿಯೊ ನವಾರೊ 2021ರಲ್ಲಿ ಒಂದು ಸುಲಭದ ಅಳತೆ ಕೊಟ್ಟರು. ಉಳಿದ ತಿರುಳಿನಲ್ಲಿ ವೃತ್ತೀಯ ವೇಗ ಗರಿಷ್ಠವಿರುವ ಕಡೆ ಸುತ್ತುವ ಅವಧಿ, ಕ್ಷೀರಪಥದ ಅತಿ ಹತ್ತಿರದ ಬಿಂದುವಿನಲ್ಲಿ ವೃತ್ತೀಯ ಕಕ್ಷೆಗೆ ಬೇಕಾಗುವ ಅವಧಿಯ ಕಾಲು ಭಾಗಕ್ಕೆ ಬಂದು ನಿಲ್ಲುತ್ತದೆ.

ಇದನ್ನು ನಿಮ್ಮ ಕಕ್ಷೆಗೆ ಹಾಕಿ ನೋಡಿ. 20 ಕಿಲೋಪಾರ್ಸೆಕ್‌ನಲ್ಲಿ ವೃತ್ತೀಯ ಕಕ್ಷೆಯ ಅವಧಿ ಸುಮಾರು 56 ಕೋಟಿ ವರ್ಷ. ಅದರ ಕಾಲು ಭಾಗ 14 ಕೋಟಿ. ನಿಮ್ಮ ಹೇಲೋದಲ್ಲಿ 14 ಕೋಟಿ ವರ್ಷಕ್ಕೆ ಒಂದು ಸುತ್ತು ಬರುವ ಜಾಗ ಕೇಂದ್ರದಿಂದ ಕಾಲು ಕಿಲೋಪಾರ್ಸೆಕ್ ಆಸುಪಾಸು. ಅದರೊಳಗಿನ ದ್ರವ್ಯರಾಶಿ ಆರಂಭದ ಶೇ 1ಕ್ಕಿಂತ ಕಡಿಮೆ. ಇದು ಸಾಕಷ್ಟು ಸುತ್ತು ಮುಗಿದ ಮೇಲಿನ ಕೊನೆಯ ಸ್ಥಿತಿ, ಏಳೆಂಟು ಸುತ್ತಿಗೆ ಅಲ್ಲಿಗೆ ಮುಟ್ಟದೇ ಇರಬಹುದು. ಆದರೂ ಒಂದು ವಿಷಯ ಸ್ಪಷ್ಟ: ಉಳಿಯಬೇಕಾದ ತಿರುಳಿನ ಅಳತೆ ಕಾಲು ಕಿಲೋಪಾರ್ಸೆಕ್, ನಿಮ್ಮ ಸಾಫ್ಟನಿಂಗ್ ಅರ್ಧ ಕಿಲೋಪಾರ್ಸೆಕ್.

ಸಾಫ್ಟನಿಂಗ್ ಯಾಕೆ ಬೇಕು ಅನ್ನುವುದು ನಿಮಗೆ ಗೊತ್ತಿದೆ. ನಮ್ಮ ಒಂದು ಕಣ ನಿಜವಾದ ಕಣವಲ್ಲ. ನಿಮ್ಮ 10 ಸಾವಿರದ ಓಟದಲ್ಲಿ ಒಂದೊಂದು ಕಣದ ತೂಕ 1 ಲಕ್ಷ ಸೂರ್ಯರಷ್ಟು. ಅಂಥ ಎರಡು ಕಣ ತೀರಾ ಹತ್ತಿರ ಬಂದರೆ ಒಂದನ್ನೊಂದು ಎತ್ತೆಸೆಯುತ್ತವೆ. ಅದನ್ನು ತಡೆಯಲು ಹತ್ತಿರದ ಗುರುತ್ವವನ್ನು ಮೆತ್ತಗೆ ಮಾಡುತ್ತೇವೆ. ಆದರೆ ಮೆತ್ತಗೆ ಮಾಡಿದ ಅಳತೆಯೊಳಗೆ ಗೆಲಾಕ್ಸಿಯ ತಿರುಳಿಗೂ ಹಿಡಿತ ಇರುವುದಿಲ್ಲ. ನೀವು ಎನ್‌ಎಫ್‌ಡಬ್ಲ್ಯೂ ಹೇಲೋ ಹಾಕಿದೆ ಅಂದುಕೊಂಡಿದ್ದೀರಿ. ಕೋಡ್ ಕಂಡದ್ದು ನಡುವೆ ಸಾಂದ್ರತೆ ಚಪ್ಪಟೆಯಾದ, ಸಡಿಲ ಕೋರ್ ಇರುವ ಹೇಲೋವನ್ನು. ಚಪ್ಪಟೆ ಕೋರ್‌ನಲ್ಲಿ ಒಳಗೆ ಹೋದಂತೆ ಅವಧಿ ಕಡಿಮೆಯಾಗುವುದಿಲ್ಲ, ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಅಂಥ ಗೆಲಾಕ್ಸಿಯನ್ನು ಟೈಡಲ್ ಬಲ ನಿಜಕ್ಕೂ ಪೂರ್ತಿ ಚೂರು ಮಾಡಬಲ್ಲದು. ಅಂದರೆ ನಿಮಗೆ ಗೊತ್ತಿಲ್ಲದೆ ನೀವು ಬೇರೆಯೇ ಗೆಲಾಕ್ಸಿಯ ಪ್ರಯೋಗ ಮಾಡಿದ್ದೀರಿ.

ಎಷ್ಟಿಟ್ಟರೆ ಸರಿ? ವಾನ್ ಡೆನ್ ಬಾಷ್ ಮತ್ತು ಒಗಿಯಾ ಕೊಟ್ಟ ಅಂದಾಜು ಕೆಲಸಕ್ಕೆ ಬರುತ್ತದೆ. 1 ಲಕ್ಷ ಕಣಕ್ಕೆ ಸ್ಕೇಲ್ ತ್ರಿಜ್ಯದ ಇಪ್ಪತ್ತನೇ ಒಂದು ಭಾಗ. ಕಣ ಹೆಚ್ಚಿದಂತೆ ಸಂಖ್ಯೆಯ ಘನಮೂಲದ ಪ್ರಕಾರ ಇಳಿಸುತ್ತಾ ಹೋಗಿ. ನಿಮ್ಮ ಹೇಲೋಗೆ 1 ಲಕ್ಷದ ಓಟದಲ್ಲಿ 70 ಪಾರ್ಸೆಕ್, 10 ಲಕ್ಷದ ಓಟದಲ್ಲಿ 32 ಪಾರ್ಸೆಕ್. ಬೇಕೆಂದೇ ಇನ್ನೂ ಚಿಕ್ಕದು ಮಾಡಬೇಡಿ, ಆಗ ಕಣಗಳ ಜಗ್ಗಾಟ ಜಾಸ್ತಿಯಾಗುತ್ತದೆ. ಸಾಫ್ಟನಿಂಗ್ ಇಳಿಸಿದಾಗ ಟೈಮ್‌ಸ್ಟೆಪ್ (ಲೆಕ್ಕ ಮುಂದೆ ಸಾಗುವ ಕಾಲದ ಹೆಜ್ಜೆ) ಕೂಡ ಇಳಿಸಬೇಕು ಅನ್ನುವುದನ್ನು ಬಹಳ ಜನ ಮರೆಯುತ್ತಾರೆ. ನಿಮ್ಮ ತಿರುಳಿನಲ್ಲಿ ಒಂದು ಸುತ್ತಿಗೆ ಕೆಲವು ಕೋಟಿ ವರ್ಷ ಹಿಡಿಯುವುದರಿಂದ, ಒಂದು ಹೆಜ್ಜೆ 10 ಲಕ್ಷ ವರ್ಷಕ್ಕಿಂತ ದೊಡ್ಡದಿರಬಾರದು. ಅದನ್ನು ಅರ್ಧ ಮಾಡಿ ಮತ್ತೊಮ್ಮೆ ಓಡಿಸಿ. ಫಲಿತಾಂಶ ಅಲುಗದಿದ್ದರೆ ಸಾಕು.

ಈಗ ಕಣಗಳ ಸಂಖ್ಯೆ. ಇದು ನಿಮ್ಮ ಮೊದಲ ಓಟವನ್ನು ಕೊಂದದ್ದು, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಗೆಲಾಕ್ಸಿ ಕಣ ಕಳೆದುಕೊಳ್ಳುತ್ತಾ ಹೋದಂತೆ ಉಳಿದವು ಕೆಲವೇ ನೂರು. ಕೆಲವೇ ನೂರು ಕಣಗಳ ಗುರುತ್ವ ನಯವಾಗಿರುವುದಿಲ್ಲ. ಯಾವ ಕಣ ಯಾವಾಗ ಎಲ್ಲಿತ್ತು ಅನ್ನುವ ಆಕಸ್ಮಿಕದ ಮೇಲೆ ಅದು ಏರುಪೇರಾಗುತ್ತದೆ. ಒಂದು ಸುತ್ತಿನಲ್ಲಿ ಆಕಸ್ಮಿಕವಾಗಿ ನಾಲ್ಕು ಕಣ ಜಾಸ್ತಿ ಹೋದವು ಅನ್ನಿ. ಉಳಿದದ್ದರ ಹಿಡಿತ ಅಷ್ಟು ಸಡಿಲವಾಗಿ, ಅದು ತುಸು ಉಬ್ಬುತ್ತದೆ. ಉಬ್ಬಿದ್ದರಿಂದ ಸಾಂದ್ರತೆ ಇಳಿಯುತ್ತದೆ. ಸಾಂದ್ರತೆ ಇಳಿದದ್ದರಿಂದ ಮುಂದಿನ ಸುತ್ತಿನಲ್ಲಿ ಇನ್ನೂ ಜಾಸ್ತಿ ಹೋಗುತ್ತವೆ. ಒಮ್ಮೆ ಈ ಚಕ್ರ ಶುರುವಾದರೆ ನಿಲ್ಲುವುದಿಲ್ಲ. ನೋಡಲು ಅದು ನಿಜವಾದ ಟೈಡಲ್ ನಾಶದ ಹಾಗೆಯೇ ಕಾಣುತ್ತದೆ. ಬಾಲಗಳೂ ಚೆನ್ನಾಗಿಯೇ ಬರುತ್ತವೆ. ಅದಕ್ಕೇ ಇದು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ.

ಎಲ್ಲಿಂದ ನಂಬಬಾರದು ಅನ್ನುವುದಕ್ಕೂ ವಾನ್ ಡೆನ್ ಬಾಷ್ ಮತ್ತು ಒಗಿಯಾ ಅವರದೇ ಒಂದು ಸೂತ್ರವಿದೆ. ಶುರುವಿನ ಕಣಗಳ ಸಂಖ್ಯೆಯನ್ನು 1000ದಿಂದ ಭಾಗಿಸಿ, ಅದನ್ನು ಮೈನಸ್ 0.8 ಘಾತಕ್ಕೆ ಏರಿಸಿ, 0.32ರಿಂದ ಗುಣಿಸಿ. ಬಂಧಿತ ಪಾಲು (ಇನ್ನೂ ಗೆಲಾಕ್ಸಿಯ ಹಿಡಿತದಲ್ಲಿರುವ ಭಾಗ) ಅದಕ್ಕಿಂತ ಕೆಳಗಿಳಿದರೆ ಆಮೇಲಿನ ಫಲಿತಾಂಶ ಆಕಸ್ಮಿಕದ ಕೈಯಲ್ಲಿದೆ. 10 ಸಾವಿರ ಕಣಕ್ಕೆ ಆ ಗಡಿ ಶೇ 5, ಅಂದರೆ 500 ಕಣ. 1 ಲಕ್ಷಕ್ಕೆ ಶೇ 0.8, ಅಂದರೆ 800 ಕಣ. 10 ಲಕ್ಷಕ್ಕೆ ಶೇ 0.13, ಸುಮಾರು 1300 ಕಣ. ನಿಮ್ಮ ಮೊದಲ ಓಟ ಶೇ 5ರ ಗಡಿ ದಾಟಿದ ಮೇಲೆ ಏನು ಹೇಳಿದರೂ ಅದಕ್ಕೆ ಬೆಲೆಯಿಲ್ಲ. ಎರಡನೆಯದು ಶೇ 2ರಲ್ಲಿ ನಿಂತಿದೆ, ಕಣಗಳ ಮಟ್ಟಿಗೆ ಶೇ 0.8ರ ಗಡಿಗಿಂತ ಮೇಲೆಯೇ ಇದೆ. ಅದನ್ನು ಕೆಡಿಸುತ್ತಿರುವುದು ಸಾಫ್ಟನಿಂಗ್ ಮತ್ತು ವೇಗ.

ವೇಗದ ವಿಷಯ ಚಿಕ್ಕದು, ಆದರೆ ಬಿಡುವ ಹಾಗಿಲ್ಲ. ಪ್ರತಿ ಜಾಗದಲ್ಲೂ ವೇಗದ ಹಂಚಿಕೆ ಗಾಸಿಯನ್ ಅಂದುಕೊಳ್ಳುವುದು ಸುಲಭದ ದಾರಿ. ಎನ್‌ಎಫ್‌ಡಬ್ಲ್ಯೂ ಹೇಲೋದ ಒಳಭಾಗಕ್ಕೆ ಅದು ಒಪ್ಪುವುದಿಲ್ಲ. ಕಣಗಳು ಶುರುವಿನಿಂದಲೇ ಸಮತೋಲದಲ್ಲಿರುವುದಿಲ್ಲ. ಓಟ ಶುರುವಾದ ಕೂಡಲೇ ತಿರುಳು ಉಬ್ಬಿ ಚಪ್ಪಟೆಯಾಗುತ್ತದೆ. ಕಜಾಂಟ್ಜಿಡಿಸ್, ಮಗೋರಿಯನ್ ಮತ್ತು ಮೂರ್ 2004ರಲ್ಲೇ ಇದನ್ನು ತೋರಿಸಿದ್ದಾರೆ. ಹೀಗೆ ಮಾಡಿದ ಉಪಹೇಲೋ ಬೇಗ ಚೂರಾಗುತ್ತದೆ ಎಂದೂ ಹೇಳಿದ್ದಾರೆ. ಸರಿಯಾದ ದಾರಿ ಎಡಿಂಗ್ಟನ್ ವಿಧಾನ: ಸಾಂದ್ರತೆಯಿಂದ ಹಂಚಿಕೆಯ ಫಲನವನ್ನೇ ಕಂಡುಹಿಡಿದು, ಅದರಿಂದ ವೇಗ ಆರಿಸುವುದು. ನೀವೇ ಬರೆಯಬೇಕಿಲ್ಲ. ಅಗಾಮಾ ಅನ್ನುವ ಉಚಿತ ಸಾಧನ ಇದನ್ನು ಮಾಡಿಕೊಡುತ್ತದೆ. ಕಣಗಳು ತಯಾರಾದ ಮೇಲೆ ಕ್ಷೀರಪಥ ಇಲ್ಲದೆ ಒಂಟಿಯಾಗಿ 300 ಕೋಟಿ ವರ್ಷ ಓಡಿಸಿ ನೋಡಿ. ತಿರುಳಿನ ಸಾಂದ್ರತೆ ಇದ್ದಂತೆಯೇ ಇರಬೇಕು. ಒಂಟಿಯಾಗಿಯೇ ಕರಗುವ ಗೆಲಾಕ್ಸಿಯನ್ನು ಕ್ಷೀರಪಥದ ಹತ್ತಿರ ಒಯ್ಯುವುದರಲ್ಲಿ ಅರ್ಥವಿಲ್ಲ.

ಇನ್ನೊಂದು ಮಾತು ಕೇಳಬೇಕಿತ್ತು: "ಪೂರ್ತಿ ಚೂರಾಯಿತು" ಅಂತ ನೀವು ಹೇಗೆ ತೀರ್ಮಾನಿಸಿದಿರಿ? ಚುಕ್ಕೆಗಳ ಚಿತ್ರ ನೋಡಿಯಾ? 10 ಸಾವಿರ ಚುಕ್ಕೆಗಳಲ್ಲಿ 9,700 ಬಾಲದಲ್ಲಿ ಹರಡಿದ್ದರೆ, ಉಳಿದ 300ರ ಚಿಕ್ಕ ಗುಂಪು ಕಣ್ಣಿಗೆ ಸಿಗುವುದಿಲ್ಲ. ಲೆಕ್ಕ ಹಾಕಿದ್ದರೂ ಒಂದು ಬಲೆ ಇದೆ. ಎಲ್ಲ ಕಣಗಳ ಸರಾಸರಿ ಜಾಗವನ್ನು ಕೇಂದ್ರ ಅಂತ ಹಿಡಿದರೆ, ಬಾಲಗಳು ಆ ಕೇಂದ್ರವನ್ನು ಗೆಲಾಕ್ಸಿಯ ಹೊರಗೇ ಎಳೆದೊಯ್ಯುತ್ತವೆ. ಸರಾಸರಿ ವೇಗಕ್ಕೂ ಇದೇ ಗತಿ. ಅಲ್ಲಿಂದ ಅಳೆದರೆ ಬಂಧಿತ ಕಣ ಒಂದೂ ಇಲ್ಲ ಅಂತಲೇ ಬರುತ್ತದೆ. ಸುಲಭದ ಪರಿಹಾರ ಹೀಗಿದೆ. ಶುರುವಿನಲ್ಲಿ ಅತ್ಯಂತ ಗಟ್ಟಿಯಾಗಿ ಬಂಧಿತವಾದ ಶೇ 1 ಕಣಗಳಿಗೆ ಗುರುತು ಹಾಕಿಡಿ. ಪ್ರತಿ ಹಂತದಲ್ಲೂ ಅವುಗಳ ದಟ್ಟ ಜಾಗವನ್ನೇ ಕೇಂದ್ರ ಮಾಡಿ, ಅವುಗಳ ವೇಗವನ್ನೇ ಗೆಲಾಕ್ಸಿಯ ವೇಗ ಅಂತ ತೆಗೆದುಕೊಳ್ಳಿ. ಆಮೇಲೆ ಬಂಧಿತವಲ್ಲದ ಕಣಗಳನ್ನು ತೆಗೆದು, ಉಳಿದವುಗಳ ಗುರುತ್ವವನ್ನು ಮತ್ತೆ ಲೆಕ್ಕ ಹಾಕಿ, ಪಟ್ಟಿ ಬದಲಾಗದೆ ನಿಲ್ಲುವವರೆಗೆ ಹೀಗೆ ಮಾಡುತ್ತಾ ಹೋಗಿ.

ಇಷ್ಟೆಲ್ಲ ಸರಿಪಡಿಸಿದರೆ ಗೆಲಾಕ್ಸಿಗಳು ಚೂರಾಗುವುದೇ ಇಲ್ಲವೇ? ಹಾಗೇನೂ ಇಲ್ಲ. ಕುಬ್ಜ ಗೆಲಾಕ್ಸಿಯ ಒಳಗೆ ನಕ್ಷತ್ರಗಳು ಸಿಡಿದು ಅನಿಲವನ್ನು ಮತ್ತೆ ಮತ್ತೆ ಹೊರದಬ್ಬಿದರೆ ಕಪ್ಪು ದ್ರವ್ಯದ ತಿರುಳೂ ಸಡಿಲವಾಗಿ ನಿಜವಾದ ಕೋರ್ ಆಗಬಹುದು. ಅಂಥದ್ದು ಕ್ಷೀರಪಥದ ಹತ್ತಿರ ಬಂದರೆ ಉಳಿಯುವುದು ಕಷ್ಟ. 2016ರಲ್ಲಿ ಸಿಕ್ಕ ಕ್ರೇಟರ್ 2 ಮತ್ತು ಗಾಯಾ ಬಾಹ್ಯಾಕಾಶ ದೂರದರ್ಶಕದ ಎರಡನೇ ದತ್ತಾಂಶದಿಂದ 2018ರಲ್ಲಿ ಸಿಕ್ಕ ಆಂಟ್ಲಿಯಾ 2 ಎಂಬ ಕುಬ್ಜ ಗೆಲಾಕ್ಸಿಗಳು ಇದೇ ಕಾರಣಕ್ಕೆ ಎಲ್ಲರ ಗಮನ ಸೆಳೆದವು. ಕ್ರೇಟರ್ 2ರ ಅರ್ಧ ಬೆಳಕು ಹರಡಿರುವ ತ್ರಿಜ್ಯ 1 ಕಿಲೋಪಾರ್ಸೆಕ್‌ಗಿಂತ ಜಾಸ್ತಿ, ಆಂಟ್ಲಿಯಾ 2ರದ್ದು ಸುಮಾರು 2.9 ಕಿಲೋಪಾರ್ಸೆಕ್. ಇಷ್ಟು ಅಗಲ, ಆದರೆ ಒಳಗಿನ ನಕ್ಷತ್ರಗಳ ವೇಗದ ಹರವು ತೀರಾ ಕಡಿಮೆ. ತಿರುಳು ಗಟ್ಟಿಯಿರುವ ಹೇಲೋದಿಂದ ಇಂಥದ್ದನ್ನು ಪಡೆಯುವುದು ಸುಲಭವಲ್ಲ. ಕಪ್ಪು ದ್ರವ್ಯದ ಸ್ವಭಾವವೇ ನಾವು ಅಂದುಕೊಂಡದ್ದಕ್ಕಿಂತ ಬೇರೆಯಿರಬಹುದೇ ಅನ್ನುವ ಪ್ರಶ್ನೆ ಇಲ್ಲಿಂದ ಏಳುತ್ತದೆ. ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ಇಷ್ಟವಾದ ಜಾಗ ಇದು. ಅದಕ್ಕೇ ಕೃತಕ ಕೋರ್ ಬಗ್ಗೆ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಸಾಫ್ಟನಿಂಗ್ ಮಾಡಿದ ಕೋರ್ ಅನ್ನು ಪ್ರಕೃತಿಯ ಕೋರ್ ಅಂದುಕೊಂಡರೆ ಕಪ್ಪು ದ್ರವ್ಯದ ಬಗ್ಗೆಯೇ ತಪ್ಪು ಹೇಳಿಬಿಡುತ್ತೇವೆ. ಉಪ ಗೆಲಾಕ್ಸಿಗಳ ಎಣಿಕೆಗೂ ಇದೇ ಮಾತು. ಸಿಮ್ಯುಲೇಶನ್ ಸುಳ್ಳೇ ಕೊಂದ ಉಪಹೇಲೋಗಳನ್ನು ಬಿಟ್ಟು ಎಣಿಸಿ, ಆಕಾಶದ ಎಣಿಕೆಯ ಜೊತೆ ಹೊಂದಿಸಿದರೆ ಆ ಹೊಂದಾಣಿಕೆಗೆ ಅರ್ಥವಿಲ್ಲ.

ಕ್ಷೀರಪಥದ ತಟ್ಟೆಯೂ (ನಕ್ಷತ್ರಗಳು ಚಪ್ಪಟೆಯಾಗಿ ಹರಡಿರುವ ಭಾಗ) ಒಂದು ದೊಡ್ಡ ಕಾರಣ. ಅದರ ಹತ್ತಿರದಿಂದ ಹಾಯುವ ಉಪಹೇಲೋಗಳಿಗೆ ಗೋಳಾಕಾರದ ಹೇಲೋ ಮಾತ್ರ ಇದ್ದಾಗಿನದಕ್ಕಿಂತ ಜೋರು ಪೆಟ್ಟು ಬೀಳುತ್ತದೆ. ನಿಮ್ಮ ಪೊಟೆನ್ಶಿಯಲ್‌ನಲ್ಲಿ ತಟ್ಟೆ ಇದೆಯೇ ಅಂತ ನೋಡಿಕೊಳ್ಳಿ. ಬದಲಾಗದ ಪೊಟೆನ್ಶಿಯಲ್ ಬಳಸಿದ್ದಕ್ಕೆ ಹೆದರಬೇಡಿ. ಚಂದ್ರಶೇಖರ್ 1943ರಲ್ಲಿ ವಿವರಿಸಿದ ಡೈನಾಮಿಕಲ್ ಫ್ರಿಕ್ಷನ್ (ಸುತ್ತಲಿನ ದ್ರವ್ಯದ ಗುರುತ್ವ ಗೆಲಾಕ್ಸಿಯನ್ನು ಹಿಂದಕ್ಕೆಳೆದು ನಿಧಾನಿಸುವುದು) ಅದರಲ್ಲಿ ಬರುವುದಿಲ್ಲ, ನಿಜ. ಆದರೆ ಕ್ಷೀರಪಥದ ಸಾವಿರದ ಒಂದು ಪಾಲಿನಷ್ಟಿರುವ ಗೆಲಾಕ್ಸಿಗೆ ಅದರ ಪರಿಣಾಮ ಚಿಕ್ಕದು. 1000 ಕೋಟಿ ವರ್ಷದಲ್ಲಿ ಕ್ಷೀರಪಥವೇ ಬೆಳೆದಿದೆ, ಅದನ್ನೂ ಬಿಟ್ಟಿದ್ದೀರಿ. ಇನ್ನು, ನಿಜವಾದ ಒಂದು ಗೆಲಾಕ್ಸಿಯ ಕಕ್ಷೆಯನ್ನು ಹಿಂದಕ್ಕೆ ಓಡಿಸುವುದಾದರೆ ದೊಡ್ಡ ಮೆಗೆಲನ್ ಮೋಡವನ್ನು (ಕ್ಷೀರಪಥದ ಹತ್ತಿರದ ಒಂದು ದೊಡ್ಡ ಉಪ ಗೆಲಾಕ್ಸಿ) ಬಿಡುವ ಹಾಗೇ ಇಲ್ಲ. ಅದರ ದ್ರವ್ಯರಾಶಿ 10 ಸಾವಿರ ಕೋಟಿ ಸೂರ್ಯರಿಗೂ ಮಿಗಿಲು ಅನ್ನುವುದು ಈಗಿನ ಅಂದಾಜು. ಧನು ರಾಶಿಯ ಬಾಲಗಳನ್ನು ಸರಿಯಾಗಿ ಮೂಡಿಸಲು 2021ರಲ್ಲಿ ವಾಸಿಲಿಯೆವ್, ಬೆಲೋಕುರೊವ್ ಮತ್ತು ಎರ್ಕಲ್ ಅದನ್ನು ಸೇರಿಸಬೇಕಾಯಿತು. ನಿಮ್ಮದು ಕಲ್ಪಿತ ಗೆಲಾಕ್ಸಿ. ಇವನ್ನೆಲ್ಲ ಬಿಟ್ಟಿದ್ದೇನೆ ಅಂತ ಒಂದು ಪ್ಯಾರಾದಲ್ಲಿ ಬರೆದರೆ ಸಾಕು.

ನಕ್ಷತ್ರಗಳ ಬಗ್ಗೆ ನೀವು ಕೇಳಿಲ್ಲ. ಆದರೂ ಹೇಳುತ್ತೇನೆ, ಮೌಖಿಕ ಪರೀಕ್ಷೆಯಲ್ಲಿ ಖಂಡಿತ ಕೇಳುತ್ತಾರೆ. ದೂರದರ್ಶಕಕ್ಕೆ ಕಾಣುವುದು ಕಪ್ಪು ದ್ರವ್ಯವಲ್ಲ, ನಕ್ಷತ್ರಗಳು. ಅವು ತಿರುಳಿನ ಆಳದಲ್ಲಿರುತ್ತವೆ. ಡ್ರೇಕೋ, ಸ್ಕಲ್ಪ್ಟರ್‌ನಂಥ ಗೆಲಾಕ್ಸಿಗಳಲ್ಲಿ ಅರ್ಧ ಬೆಳಕು 200ರಿಂದ 300 ಪಾರ್ಸೆಕ್ ಒಳಗೇ ಇದೆ. ಹೀಗಾಗಿ ಕಪ್ಪು ದ್ರವ್ಯದ ಶೇ 90ರಷ್ಟು ಹೋಗುವವರೆಗೆ ನಕ್ಷತ್ರಗಳಿಗೆ ಹೆಚ್ಚೇನೂ ಆಗುವುದಿಲ್ಲ. ಇದನ್ನು ಪೆನ್ಯಾರೂಬಿಯಾ, ನವಾರೊ ಮತ್ತು ಮೆಕಾನಕಿ 2008ರಲ್ಲೇ ತೋರಿಸಿದ್ದಾರೆ. ಹೊಸದಾಗಿ ನಕ್ಷತ್ರ ಕಣ ಹಾಕಬೇಕಿಲ್ಲ. ಶುರುವಿನ ಬಂಧಕ ಶಕ್ತಿಯನ್ನು ನೋಡಿ ಪ್ರತಿ ಕಣಕ್ಕೂ ಅದು ನಕ್ಷತ್ರವಾಗಿರುವ ಸಂಭವನೀಯತೆಯ ತೂಕ ಕೊಟ್ಟರೆ, ಒಂದೇ ಓಟದಿಂದ ಬೇರೆ ಬೇರೆ ಅಳತೆಯ ನಕ್ಷತ್ರ ಗುಂಪುಗಳ ಗತಿ ನೋಡಬಹುದು.

ಒಂದು ತಿಂಗಳಲ್ಲಿ ಏನು ಮಾಡಬಹುದು? ನಾನಾಗಿದ್ದರೆ ವೇಗಗಳನ್ನು ಮೊದಲು ಸರಿಪಡಿಸಿ, 70 ಪಾರ್ಸೆಕ್ ಸಾಫ್ಟನಿಂಗ್‌ನಲ್ಲಿ 1 ಲಕ್ಷದ ಓಟವನ್ನು ಬೇರೆ ಬೇರೆ ರ‍್ಯಾಂಡಮ್ ಸೀಡ್‌ಗಳಿಂದ (ಕಣಗಳ ಶುರುವಿನ ಜಾಗ, ವೇಗಗಳನ್ನು ಹೊಸದಾಗಿ ಆರಿಸಿ) ಐದಾರು ಸಲ ಓಡಿಸುತ್ತಿದ್ದೆ. ಇದು ಅಗ್ಗದ ಪರೀಕ್ಷೆ, ಆದರೆ ತುಂಬ ಹೇಳುತ್ತದೆ. ಐದಾರೂ ಓಟಗಳ ಬಂಧಿತ ದ್ರವ್ಯರಾಶಿ ಒಂದೇ ಗೆರೆಯ ಮೇಲೆ ಸಾಗುವಷ್ಟು ಕಾಲ ನಂಬಿ. ಗೆರೆಗಳು ಬೇರೆಬೇರೆಯಾಗಿ ಚೆದುರಲು ಶುರುವಾದಲ್ಲಿಂದ ಮುಂದೆ ನಂಬಬೇಡಿ. ಆಮೇಲೆ 32 ಪಾರ್ಸೆಕ್‌ನಲ್ಲಿ 10 ಲಕ್ಷದ ಒಂದು ಓಟ. ಒಳ್ಳೆಯ ಜಿಪಿಯು ಇದ್ದು ಟ್ರೀ ಕೋಡ್ (ದೂರದ ಕಣಗಳನ್ನು ಗುಂಪಾಗಿ ಹಿಡಿದು ಬೇಗ ಲೆಕ್ಕ ಹಾಕುವ ಪ್ರೋಗ್ರಾಂ) ಬಳಸಿದರೆ ಇದು ಈಗ ಆಗದ ಕೆಲಸವೇನಲ್ಲ. ಅಪಾಯ ಸಮಯದ್ದು. ಕೊನೆಯ ವಾರಕ್ಕೆ ಇಟ್ಟುಕೊಂಡರೆ, ನಡುವೆ ನಿಂತಾಗ ಮತ್ತೆ ಓಡಿಸಲು ದಿನ ಇರುವುದಿಲ್ಲ.

10 ಲಕ್ಷದ ಓಟ ಆಗಲೇ ಇಲ್ಲ ಅಂದರೆ ಟೈಡಲ್ ಟ್ರ್ಯಾಕ್ ಇದೆ. ಎಷ್ಟು ದ್ರವ್ಯರಾಶಿ ಹೋದರೆ ಉಳಿದದ್ದರ ಅಳತೆ ಮತ್ತು ವೇಗ ಎಷ್ಟಾಗುತ್ತದೆ ಅನ್ನುವ ಸಿದ್ಧ ಸೂತ್ರಗಳು ಅವು. ಕ್ಷಣದಲ್ಲಿ ಉತ್ತರ ಸಿಗುತ್ತದೆ. ಆದರೆ ಅವು ಹೇಲೋದ ಶುರುವಿನ ಆಕಾರವನ್ನು ನೆಚ್ಚಿಕೊಂಡಿವೆ, ಕೋರ್ ಇರುವ ಹೇಲೋಗೆ ಎನ್‌ಎಫ್‌ಡಬ್ಲ್ಯೂ ಸೂತ್ರ ಹಾಕಿದರೆ ತಪ್ಪಾಗುತ್ತದೆ. ಬಾಲಗಳಷ್ಟೇ ಬೇಕಿದ್ದರೆ ಇನ್ನೂ ಸುಲಭದ ದಾರಿ ಇದೆ: ಗೆಲಾಕ್ಸಿಯ ಎರಡೂ ಬದಿಯಿಂದ ಕಣಗಳನ್ನು ಬಿಡುತ್ತಾ ಅವುಗಳ ಕಕ್ಷೆ ಮಾತ್ರ ಲೆಕ್ಕ ಹಾಕುವುದು. ತಿರುಳು ಉಳಿಯಿತೇ ಅನ್ನುವ ನಿಮ್ಮ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ಯಾವ ಪ್ರಶ್ನೆಗೆ ಎಷ್ಟು ಕಣ ಸಾಕು ಅನ್ನುವುದು ಈ ಕೆಲಸದಲ್ಲಿ ಮೊದಲಿನಿಂದಲೂ ಇದೆ. ಕಂಪ್ಯೂಟರ್ ಇಲ್ಲದ 1941ರಲ್ಲಿ ಎರಿಕ್ ಹೋಲ್ಮ್‌ಬರ್ಗ್ ಒಂದೊಂದು ಗೆಲಾಕ್ಸಿಗೆ 37 ಬಲ್ಬ್ ಇಟ್ಟು, ಬೆಳಕೂ ಗುರುತ್ವದ ಹಾಗೆಯೇ ದೂರದ ವರ್ಗಕ್ಕೆ ತಕ್ಕಂತೆ ಇಳಿಯುವುದನ್ನು ಬಳಸಿ ಎರಡು ಗೆಲಾಕ್ಸಿಗಳ ಭೇಟಿಯನ್ನು ಲೆಕ್ಕ ಹಾಕಿದರು. ಟೈಡಲ್ ಬಲ ಗೆಲಾಕ್ಸಿಗಳ ಆಕಾರವನ್ನು ಕೆಡಿಸುತ್ತದೆ ಎಂದು ತೋರಿಸಲು 37 ಸಾಕಾಯಿತು.

ನಿಮ್ಮ 10 ಸಾವಿರದ ಓಟವನ್ನು ವರದಿಯಿಂದ ತೆಗೆಯಬೇಡಿ. ಕಾಲದ ಎದುರು ಬಂಧಿತ ಪಾಲಿನ ಗ್ರಾಫ್ ಹಾಕಿ. ಅದರಲ್ಲಿ ಎಲ್ಲ ಓಟಗಳೂ ಇರಲಿ. ಪ್ರತಿ ಓಟಕ್ಕೂ ಶೇ 5, ಶೇ 0.8, ಶೇ 0.13ರ ಗಡಿಯನ್ನು ಅಡ್ಡಗೆರೆಯಾಗಿ ಎಳೆಯಿರಿ. ಗಡಿಗಿಂತ ಕೆಳಗಿನ ಭಾಗವನ್ನು ಚುಕ್ಕೆಗೆರೆ ಮಾಡಿ. 10 ಸಾವಿರದ ಗೆರೆ ಎಲ್ಲಿಯವರೆಗೆ ಉಳಿದವುಗಳ ಜೊತೆ ಹೋಗುತ್ತದೆ, ಎಲ್ಲಿ ದಾರಿ ಬಿಡುತ್ತದೆ ಅಂತ ಗೈಡ್‌ಗೆ ಅದರಲ್ಲೇ ತೋರಿಸಿ. ಹಯಾಶಿ ನಿಯಮದ 0.77ರ ಮಿತಿ ಯಾವ ಸುತ್ತಿನಲ್ಲಿ ದಾಟಿತು ಅನ್ನುವುದನ್ನೂ ಅದೇ ಗ್ರಾಫಿನಲ್ಲಿ ಗುರುತು ಮಾಡಿ. ಆ ಗುರುತಿನ ಆಚೆಗೂ 10 ಲಕ್ಷದ ಗೆರೆ ಗಡಿಗಿಂತ ಮೇಲೆ ಸಾಗುತ್ತಿದ್ದರೆ ಅವರ ಪ್ರಶ್ನೆಗೆ ಉತ್ತರ ಸಿಕ್ಕಂತೆ. ಸಾಗದಿದ್ದರೆ ಪೊಟೆನ್ಶಿಯಲ್‌ನಲ್ಲಿ ತಟ್ಟೆ ಇದೆಯೇ, ಟೈಮ್‌ಸ್ಟೆಪ್ ಸಾಕಾಯಿತೇ ಅಂತ ಮೊದಲು ನೋಡಿ, ಆ ಫಲಿತಾಂಶವನ್ನು ನನಗೂ ಬರೆದು ತಿಳಿಸಿ.